ಬೀಳುವುದೇ ಇವರ ಕಸುಬು

ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಬುಡದ ರಕ್ಷಣಾ ಕೇಂದ್ರದ ಅಡುಗೆಮನೆಯಲ್ಲಿ ಬೀಟ್‌ರೂಟ್ ರಸ ಸಿದ್ಧವಾಗಿದೆ. ಕುಡಿಯಲಿಕ್ಕಲ್ಲ. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಅದನ್ನು ಮೊಣಕಾಲಿಗೆ ಬಳಿದುಕೊಂಡು, "ಗಾಯ ಚೆನ್ನಾಗಿ ಬಂತಾ?" ಎಂದು ಕಾವಲುಗಾರನನ್ನು ಕೇಳುತ್ತಾರೆ. ಆಮೇಲೆ ನಿಧಾನಕ್ಕೆ ಮೇಲೆ ಹತ್ತಿ, ಬಂಡೆಗಳ ಸಂದಿ ಹುಡುಕಿ ಬೀಳುತ್ತಾರೆ.

ಕೇಂದ್ರದಲ್ಲಿ ಇವರದು ಅಡುಗೆ ಕೆಲಸ. ಶಾಲೆಯ ಮಕ್ಕಳು ಪ್ರವಾಸ ಬಂದ ದಿನ ಮಾತ್ರ ಗಾಯಾಳುವಾಗಿ ಬಡ್ತಿ! ದಾರಿ ತಪ್ಪಿದರೆ ಇದ್ದಲ್ಲೇ ಇದ್ದು ಸೀಟಿ ಊದಬೇಕೆಂಬ ಪಾಠ ಮುಗಿದ ಮೇಲೆ, ಮಕ್ಕಳು ಇವರನ್ನು ಹುಡುಕಿ ಸ್ಟ್ರೆಚರ್‌ನಲ್ಲಿ ಹೊತ್ತು ತರಬೇಕು. ಎಲ್ಲರ ಬಾಯಲ್ಲೂ ಇವರು 'ಬಿದ್ದಕ್ಕ'. "ಬಿದ್ದೋರಿಗೆ ಆಳಿಗೊಂದು ಕಲ್ಲು ಅಂತಾರೆ. ನನಗೆ ನೋಡಿ, ಆಳಿಗೊಂದು ಕೈ!" ಎಂದು ನಗುತ್ತಾರೆ.

ಒಮ್ಮೆ ನಿಜಕ್ಕೂ ಬಿದ್ದವರೇ. ಸೌದೆಗೆ ಹೋಗಿ, ಕಾಲು ಮುರಿದುಕೊಂಡು, ಕಮರಿಯಲ್ಲಿ ರಾತ್ರಿಯಿಡೀ ನಡುಗಿದ್ದರು. "ಹಗ್ಗ ಕಟ್ಟಿದ್ದು, ಎತ್ತಿದ್ದು ಒಂದೂ ನೆನಪಿಲ್ಲ. ಒಬ್ಬ ಹುಡುಗ ತನ್ನ ಕೋಟು ಹೊದಿಸಿ, 'ಬಂದ್ವಿ ಅಕ್ಕ, ಇನ್ನು ಬಿಟ್ಟು ಹೋಗಲ್ಲ' ಅಂದ. ಅದೊಂದೇ ಮರೆತಿಲ್ಲ." ಆ ಹುಡುಗ ಈಗ ಕೇಂದ್ರದ ಮುಖ್ಯಸ್ಥ, ಅರ್ಧ ತಲೆ ನೆರೆತಿದೆ.

ಅಕ್ಕನಿಗೆ ವಯಸ್ಸಾಯಿತು, ತಣ್ಣನೆ ನೆಲದ ಮೇಲೆ ಮಲಗಿಸುವುದು ಬೇಡ ಎಂದು ಮುಖ್ಯಸ್ಥರೇ ಈ ವಾರ ಆಳೆತ್ತರದ ರಬ್ಬರ್ ಗೊಂಬೆಯೊಂದನ್ನು ತರಿಸಿದ್ದಾರೆ. ಬಿದ್ದಕ್ಕನಿಗೆ ಸಂಕಟ. "ಈ ವಯಸ್ಸಲ್ಲಿ ನನಗೊಬ್ಬಳು ಸವತಿ! ಅಡುಗೆ ಯಾರು ಬೇಕಾದ್ರೂ ಮಾಡ್ತಾರೆ, ಬೀಳೋದನ್ನ ಮಾತ್ರ ಕಿತ್ಕೋಬೇಡಪ್ಪ ಅಂದೆ." ಕೊನೆಗೆ, ಇವತ್ತು ಇಬ್ಬರೂ ಬೀಳಲಿ, ಆಮೇಲೆ ನೋಡೋಣ ಎಂದು ರಾಜಿಯಾಗಿದೆ.

ಮೊದಲ ತಂಡಕ್ಕೆ ಗೊಂಬೆ ಸಿಗುತ್ತದೆ. ಗಂಟುಗಳೆಲ್ಲ ಸರಿ, ಸಾಗಣೆ ಚುರುಕು. ನಡುವೆ ದಣಿದವನೊಬ್ಬ ಗೊಂಬೆಯ ಹೊಟ್ಟೆಯ ಮೇಲೇ ಕೂತು ಶೂ ಲೇಸ್ ಬಿಗಿದುಕೊಳ್ಳುತ್ತಾನೆ. ಯಾರಿಗೂ ತಪ್ಪೆನಿಸುವುದಿಲ್ಲ.

ಎರಡನೆಯ ತಂಡ ಬಿದ್ದಕ್ಕನನ್ನು ಹುಡುಕುತ್ತದೆ. ಬೆಲ್ಟ್ ಯಾವ ಕಡೆಯಿಂದ ಬಿಗಿಯಬೇಕೆಂದು ಹುಡುಗರು ಜಗಳಕ್ಕೆ ನಿಲ್ಲುತ್ತಾರೆ. ಅಷ್ಟರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಬಿದ್ದಕ್ಕನ ಕೈ ಹಿಡಿದು ನೋಡುತ್ತಾಳೆ. "ಅಜ್ಜಿ ಕೈ ತಣ್ಣಗಾಗಿದೆ ಕಣ್ರೋ!" ಎಂದವಳೇ ಸ್ವೆಟರ್ ಬಿಚ್ಚಿ ಹೊದಿಸುತ್ತಾಳೆ. "ಹೆದ್ರಬೇಡಿ ಅಜ್ಜಿ, ನಾವಿದ್ದೀವಲ್ಲ." ಕೆಳಗೆ ತಲುಪುವವರೆಗೂ ಆ ಕೈ ಬಿಡುವುದಿಲ್ಲ.

ಕೆಳಗೆ ಕಾಯುತ್ತಿದ್ದ ಮುಖ್ಯಸ್ಥರು ಹೊದಿಸಿದ ಸ್ವೆಟರ್ ನೋಡಿ ಕೆಮ್ಮಿ, ಆ ಕಡೆ ತಿರುಗಿ, ಗೊಂಬೆಯನ್ನು ಹೆಗಲಿಗೇರಿಸಿ ಉಗ್ರಾಣಕ್ಕೆ ಹೊರಡುತ್ತಾರೆ. "ಇದು ಹಗ್ಗದ ಅಭ್ಯಾಸಕ್ಕಿರಲಿ. ನಾಡಿದ್ದು ಇನ್ನೊಂದು ಶಾಲೆ ಬರುತ್ತೆ, ನೀವೇ ಬೀಳಿ ಅಕ್ಕ. ಕೆಳಗೆ ದಪ್ಪ ಕಂಬಳಿ ಹಾಸಿಸ್ತೀನಿ."

ಬಿದ್ದಕ್ಕ ಒಲೆ ಹಚ್ಚುತ್ತಾ ತಲೆಯಾಡಿಸುತ್ತಾರೆ. "ಕಂಬಳಿ ಬೇಡಪ್ಪ. ಗೊಂಬೆಗೆ ಚಳಿ ಆಗಲ್ಲ, ನನಗಾಗುತ್ತೆ. ಅದೇ ಅಲ್ವಾ ನನ್ನ ಕೆಲಸ?"