ಸಾಕ್ಷಿಯ ಹೊಟ್ಟೆನೋವು

ಕಾನೂನು ಓದುತ್ತಿದ್ದ ಆ ಹುಡುಗಿಯನ್ನು ಹಾಸ್ಟೆಲಿನಲ್ಲಿ ಎಲ್ಲರೂ ಲಾಯರಮ್ಮ ಎಂದೇ ಕರೆಯುತ್ತಿದ್ದರು. ಇಲ್ಲದ್ದನ್ನು ಇದೆ ಎಂದು ಸಾಧಿಸುವುದರಲ್ಲಿ ಅವಳದು ಎತ್ತಿದ ಕೈ. ಹಿಂದಿನ ವರ್ಷ ಪರೀಕ್ಷೆಗೆ ಏನೂ ಓದಿರಲಿಲ್ಲವೆಂದು ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರಕ್ಕೆ ಹೋಗಿ, ಹೊಟ್ಟೆ ಹಿಡಿದು ನರಳಿ, ಸರ್ಟಿಫಿಕೇಟು ಗಿಟ್ಟಿಸಿಕೊಂಡಿದ್ದಳು. ಅದೇ ಮಧ್ಯಾಹ್ನ ಡಾಕ್ಟರಮ್ಮ ಕ್ಯಾಂಟೀನಿಗೆ ಬಂದರೆ, ರೋಗಿ ಎರಡನೇ ಪ್ಲೇಟು ನೂಡಲ್ಸಿಗೆ ಖಾರ ಸುರಿದುಕೊಳ್ಳುತ್ತ ಕೂತಿದ್ದಳು.

"ಇನ್ನೊಂದು ಸಲ ಹೊಟ್ಟೆನೋವು ಅಂತ ನನ್ನ ಬಾಗಿಲಿಗೆ ಬಂದ್ರೆ ನೇರ ವಾರ್ಡನ್ ಹತ್ರ ಕಳಿಸ್ತೀನಿ," ಎಂದು ಮೆಲ್ಲಗೆ ಹೇಳಿ ಡಾಕ್ಟರಮ್ಮ ಕಾಫಿ ತೆಗೆದುಕೊಂಡು ಹೋಗಿದ್ದರು.

ಈ ವರ್ಷ ನಿಜವಾದ ಹೊಟ್ಟೆನೋವೇ ಬಂತು. ರಾತ್ರಿಯೆಲ್ಲ ಮಗ್ಗುಲು ಬದಲಿಸಿ, ಬೆಳಿಗ್ಗೆ ವಾಂತಿ ಮಾಡಿಕೊಂಡು ಬಂದ ಲಾಯರಮ್ಮನ ಕಣ್ಣು ರೂಮಿನ ಗೆಳತಿಯ ಮೇಲೆ ಬಿತ್ತು. ಸಸ್ಯಶಾಸ್ತ್ರ ಓದುವ ಈಕೆ ಮಾತಿನಿಂದ ಮೈಲು ದೂರ. ಹಾಗಾಗಿ ಮೌನಿ ಎಂದು ಹೆಸರು.

"ಲೇ, ಏಳು. ನಿನಗೆ ಹೊಟ್ಟೆನೋವು."

"ನನಗೇನೂ ಆಗಿಲ್ವಲ್ಲೇ."

"ನಾನು ಹೋದ್ರೆ ಡಾಕ್ಟರಮ್ಮ ನಂಬಲ್ಲ. ನಿನ್ನ ಮುಖ ನೋಡಿದ್ರೆ ಎಂಥವರೂ ನಂಬ್ತಾರೆ. ನೀನು ಸುಮ್ನೆ ಮಲಕ್ಕೋ, ಮಾತು ನಾನಾಡ್ತೀನಿ. ಮಾತ್ರೆ ಬಂದ್ರೆ ನಾನು ನುಂಗ್ತೀನಿ."

ಆರೋಗ್ಯ ಕೇಂದ್ರದ ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ತಲೆ ಎತ್ತದೆ ಕೇಳಿದ: "ಸರ್ಟಿಫಿಕೇಟಾ, ಕಾಯಿಲೆನಾ?"

"ಕಾಯಿಲೆ. ಇವಳಿಗೆ."

ಆತ ಈಗ ತಲೆ ಎತ್ತಿದ. "ಇವಳಿಗೆ ಕಾಯಿಲೆ ಆದ್ರೆ ನೀನ್ಯಾಕಮ್ಮ ಬೆವರ್ತಾ ಇದೀಯ?"

"ಇವಳ ಚಿಂತೆ ಸಾರ್," ಎಂದಳು ಲಾಯರಮ್ಮ, ಗೋಡೆಗೆ ಒರಗಿಕೊಂಡು.

ಒಳಗೆ ಡಾಕ್ಟರಮ್ಮ ಲಾಯರಮ್ಮನನ್ನು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಮೌನಿಯನ್ನು ಮೇಜಿನ ಮೇಲೆ ಮಲಗಿಸಿದರು. ಹೊಟ್ಟೆಯ ಮೇಲೆ ಕೈ ಇಟ್ಟದ್ದೇ ತಡ, ಮೌನಿ ಕಿಸಕ್ಕನೆ ನಕ್ಕಳು. ಅವಳಿಗೆ ಎಲ್ಲಿ ಮುಟ್ಟಿದರೂ ಕಚಗುಳಿ.

"ನೋವು ಎಲ್ಲಿ ಶುರುವಾಯ್ತಮ್ಮ?"

ಮೌನಿ ಗೆಳತಿಯ ಕಡೆ ನೋಡಿದಳು.

"ಹೊಕ್ಕಳ ಸುತ್ತ, ಡಾಕ್ಟರ್. ಆಮೇಲೆ ಬಲಗಡೆ ಕೆಳಕ್ಕೆ ಇಳೀತು," ಎಂದಳು ಲಾಯರಮ್ಮ.

"ವಾಂತಿ?"

"ಇಲ್ಲ," ಎಂದಳು ಮೌನಿ.

"ಆಯ್ತು ಡಾಕ್ಟರ್. ಇವಳಿಗೆ ಹೇಳೋಕೆ ನಾಚಿಕೆ. ಕೆಮ್ಮಿದ್ರೆ ಒಳಗೆ ಚೂರಿ ಹಾಕಿ ತಿರುವಿದ ಹಾಗಾಗುತ್ತೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಬ್ಬರೂ ನಿಂತುಕೊಂಡು ಒಂದು ಸಲ ಎಗರಿ."

ಮೌನಿ ಮೇಜಿನಿಂದ ಇಳಿದು ಚೆಂಡಿನಂತೆ ಪುಟಿದಳು.

"ನಾನ್ಯಾಕೆ ಎಗರಬೇಕು? ನಾನು ಬರೀ ಸಾಕ್ಷಿ," ಎಂದಳು ಲಾಯರಮ್ಮ.

"ಸಾಕ್ಷಿನೂ ಎಗರಲಿ."

ವಾದಕ್ಕೆ ಬೇರೆ ದಾರಿ ಕಾಣದೆ ಲಾಯರಮ್ಮ ಹಿಮ್ಮಡಿಯನ್ನು ಅಂಗುಲದಷ್ಟು ಎತ್ತಿ ಇಳಿಸಿದಳು. ಅಷ್ಟಕ್ಕೇ ಮುಖ ಸುಣ್ಣವಾಗಿ ನೆಲದ ಮೇಲೆ ಕುಸಿದು ಕೂತಳು.

"ಅಪೆಂಡಿಕ್ಸ್," ಎಂದರು ಡಾಕ್ಟರಮ್ಮ. "ಇವತ್ತೇ ತೆಗೀಬೇಕು."

ಕೇಂದ್ರದ ವ್ಯಾನಿತ್ತು, ಡ್ರೈವರ್ ಇರಲಿಲ್ಲ. ಡಾಕ್ಟರಮ್ಮ ತಮ್ಮ ಕಾರಿನಲ್ಲೇ ಅವಳನ್ನು ದೊಡ್ಡಾಸ್ಪತ್ರೆಗೆ ಒಯ್ದರು. ಅಲ್ಲಿಂದ ಅವಳ ತಾಯಿಗೆ ಫೋನು ಮಾಡಿದರು. ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಾಯಿ ಕೇಳಿದರು: "ಪರೀಕ್ಷೆ ಏನಾದ್ರೂ ಇದೆಯಾ ಡಾಕ್ಟರೇ?"

"ಇಲ್ಲಮ್ಮ. ಈ ಸಲ ನಿಜ."

ತಾಯಿ ನಂಬಿದ್ದು ಮಗಳು ಫೋನಿನಲ್ಲಿ ಒಂದೂ ವಾದ ಮಾಡದೆ "ಅಮ್ಮಾ, ಬಾ" ಎಂದಾಗ. ಸಿಕ್ಕಿದ ಬಸ್ಸು ಹತ್ತಿ ಬಂದುಬಿಟ್ಟರು.

ಆಪರೇಷನ್ ಸುಸೂತ್ರವಾಯಿತು. ಮರುದಿನ ಡಾಕ್ಟರಮ್ಮ ನೋಡಲು ಬಂದಾಗ ಲಾಯರಮ್ಮ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು.

"ಇನ್ನೂ ಒಂದು ದಿನ ಬಿಟ್ಟಿದ್ರೆ ಒಳಗೇ ಒಡೀತಿತ್ತು. ಯಾಕೆ ನೇರವಾಗಿ ಬರಲಿಲ್ಲ?"

"ನೀವೇ ಬರಬೇಡ ಅಂದಿದ್ರಿ."

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತರು. "ಹೌದು, ಅಂದಿದ್ದೆ. ಅನ್ನಬಾರದಿತ್ತು. ಸುಳ್ಳು ಹೇಳೋರಿಗೂ ಅಪೆಂಡಿಕ್ಸ್ ಇರುತ್ತೆ. ಇನ್ಮೇಲೆ ನೋವಾದ್ರೆ ಬಾ. ಸುಳ್ಳೋ ನಿಜವೋ ನಾನು ನೋಡ್ಕೋತೀನಿ."

ಲಾಯರಮ್ಮನ ಕಣ್ಣು ತುಂಬಿತು. ಹೊಲಿಗೆಯ ನೋವಿಗೆ ಎಂದಳು. ಡಾಕ್ಟರಮ್ಮ ತಲೆಯಾಡಿಸಿ ಒಪ್ಪಿಕೊಂಡರು.

ಅವರು ಅತ್ತ ಹೋದ ಮೇಲೆ ತಾಯಿ ಮೌನಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, "ನಡೆದದ್ದೇನು, ನೀನು ಹೇಳಮ್ಮ. ಇವಳನ್ನ ಕೇಳಿದ್ರೆ ಬೇರೆ ಕತೆ ಬರುತ್ತೆ," ಎಂದರು. ವರ್ಷವಿಡೀ ಕೂಡಿಟ್ಟ ಮಾತೆಲ್ಲ ಅಂದು ಕಟ್ಟೆ ಒಡೆಯಿತು. ಮೌನಿ ಎದ್ದು ನಿಂತು ಹಿಂದಿನ ವರ್ಷದ ನೂಡಲ್ಸಿನಿಂದಲೇ ಶುರುಮಾಡಿದಳು. ಗುಮಾಸ್ತನ ದನಿಯಲ್ಲಿ ಕೇಳಿದಳು, ಲಾಯರಮ್ಮನಂತೆ ಗೋಡೆಗೆ ಒರಗಿದಳು, ಮುಖ ಗಂಟು ಹಾಕಿಕೊಂಡು ಹಿಮ್ಮಡಿ ಎತ್ತಿ ತೋರಿಸಿದಳು. ಪಕ್ಕದ ಹಾಸಿಗೆಯವರೂ ಊಟ ಬಿಟ್ಟು ಇತ್ತ ತಿರುಗಿದರು.

"ನಿಲ್ಸೇ ಮಾರಾಯ್ತಿ, ನಕ್ಕರೆ ಹೊಲಿಗೆ ಎಳೆಯುತ್ತೆ," ಎಂದು ಲಾಯರಮ್ಮ ದಿಂಬು ಕಚ್ಚಿಕೊಂಡು ಬೇಡಿದಳು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಅವಳ ಮಾತು ಬಿಡು. ಆ ನೂಡಲ್ಸಿನ ವಿಷಯ ಇನ್ನೊಂದ್ಸಲ ಹೇಳು," ಎಂದರು.