ನಿಡಘಟ್ಟದಿಂದ ಬಂದ ಕರೆ

ದೆವ್ವ, ಶಕುನ ಅಂದರೆ ಕಿಸಕ್ಕನೆ ನಕ್ಕುಬಿಡುತ್ತಿದ್ದವಳು ನಾನು. ಮದ್ದೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು ಬೇರೆ. ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನದಿಂದ ಆ ನಗು ನಿಂತುಹೋಗಿದೆ. ನೀವು ನಂಬಲೇಬೇಕೆಂದು ಒತ್ತಾಯ ಮಾಡಲಾರೆ.

ಮಳವಳ್ಳಿ ಕಡೆಯ ನನ್ನ ತಂಗಿಯ ಮಗಳು ಚಂದನಾ ಗುತ್ತಲಿನ ನಮ್ಮ ಮನೆಯಲ್ಲಿದ್ದುಕೊಂಡು ನನ್ನ ಶಾಲೆಯಲ್ಲೇ ಹತ್ತನೇ ತರಗತಿ ಓದುತ್ತಿದ್ದಳು. ಆನ್‌ಲೈನಿನಲ್ಲಿ ಒಬ್ಬ ಹುಡುಗ ಗಂಟುಬಿದ್ದಿದ್ದ. ಮೊದಲು ಪ್ರೀತಿಯ ಮಾತು. ಆಮೇಲೆ ಪಾಸ್‌ವರ್ಡ್ ಕೊಡು, ಪಕ್ಕದಲ್ಲಿ ಯಾರಿದ್ದಾರೆ ತೋರಿಸು, ಐದು ನಿಮಿಷದಲ್ಲಿ ಉತ್ತರ ಬರದಿದ್ದರೆ ನಿನ್ನ ಮೆಸೇಜೆಲ್ಲ ಕ್ಲಾಸಿನ ಗ್ರೂಪಿಗೆ ಹಾಕ್ತೀನಿ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕೈ ತಿರುಚಿದ್ದ. ಆ ಬಾವು ನೋಡಿಯೇ ನಮಗೆ ಗೊತ್ತಾದದ್ದು.

"ಇಸ್ಕೂಲ್ ಹೆಸ್ರು ಕೆಡ್ತದೆ ಮೇಡಂ, ಮನೇಲೇ ಬಗೆಹರಿಸ್ಕೊಳಿ" ಎಂದರು ಹೆಡ್‌ಮಾಸ್ಟರು. ತಂಗಿಯ ಗಂಡ ಮಗಳನ್ನು ಮುತ್ತತ್ತಿಗೆ ಕರೆದೊಯ್ದು, ಹೊಳೆಯಲ್ಲಿ ಮೀಯಿಸಿ, ಆಂಜನೇಯನ ಮುಂದೆ ಆಣೆ ಹಾಕಿಸಿದ: ಫೋನ್ ಮುಟ್ಟಬಾರದು, ಆ ಹುಡುಗನ ಸುದ್ದಿ ಎತ್ತಬಾರದು. ನಾನೂ ಜೊತೆಗಿದ್ದೆ. ಅವಳ ಸಿಮ್ ತೆಗೆದು ನನ್ನ ಪರ್ಸಿಗೆ ಹಾಕಿಕೊಂಡೆ. ಪೀಡೆ ತೊಲಗಿತು ಅಂದುಕೊಂಡೆವು. ಆ ಹುಡುಗ ಶಾಲೆಯ ಗೇಟಿನ ಬಳಿಗೇ ಬಂದು ಹೆದರಿಸುತ್ತಿದ್ದನೆಂದು ಆಮೇಲೆ ತಿಳಿಯಿತು. ಆ ಮಗು ಆಣೆಗೆ ಅಂಜಿ ಬಾಯಿಬಿಟ್ಟಿರಲಿಲ್ಲ. ದಿನಾ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬರುತ್ತಿದ್ದಳು!

ಆ ದಿನ ಊಟದ ಬಿಡುವಿನಲ್ಲಿ ಸ್ಟಾಫ್‌ರೂಮಿನಲ್ಲಿದ್ದೆ. ಫೋನ್ ಬಡಿದುಕೊಂಡಿತು. ಚಂದನಾಳ ನಂಬರು.

"ದೊಡ್ಡವ್ವ, ನಿಡಘಟ್ಟದ ಬಸ್‌ಸ್ಟಾಪಲ್ಲಿವ್ನಿ. ಬಿರ್ನೆ ಬಾ."

ಅವಳದೇ ದನಿ. ಸಿಕ್ಕಿದ ಆಟೋ ಹತ್ತಿ ಹೊರಟೆ.

ಅಲ್ಲೇ ಕೂತಿದ್ದಳು, ಒಬ್ಬಳೇ. ತುಟಿ ಒಡೆದಿತ್ತು, ಮೊಣಕೈ ತರಚಿ ರಕ್ತ. ಆ ಹುಡುಗ ಶಾಲೆಯ ಗೇಟಿನಿಂದಲೇ ಬೆದರಿಸಿ ಬೈಕಿನಲ್ಲಿ ಕೂರಿಸಿಕೊಂಡು ಹೋಗಿದ್ದನಂತೆ. ದಾರಿಯಲ್ಲಿ ಹೊಡೆದನಂತೆ. ಬೈಕು ನಿಧಾನವಾದಾಗ ಹಾರಿದ್ದಳು.

"ಫೋನ್ ಮಾಡಿದ್ದು ಒಳ್ಳೇದಾಯ್ತು ಕಣವ್ವ" ಅಂದೆ.

"ನಾನೆಲ್ ಮಾಡ್ದೆ ದೊಡ್ಡವ್ವ? ಫೋನ್ ಮುಟ್ಟಲ್ಲ ಅಂತ ಆಣೆ ಇಟ್ಟಿವ್ನಿ" ಎಂದಳು.

ಪರ್ಸು ತೆರೆದೆ. ಸಿಮ್ ಅಲ್ಲೇ ಇತ್ತು. ನನ್ನ ಫೋನಿನಲ್ಲಿ ಅವಳ ನಂಬರಿನಿಂದ ಬಂದ ಕರೆಯೂ ಹಾಗೇ ಇತ್ತು.

ನೆಟ್‌ವರ್ಕಿನ ಎಡವಟ್ಟು ಅಂದರು ನಮ್ಮ ಯಜಮಾನರು. ಇರಬಹುದು. ನೆಟ್‌ವರ್ಕಿಗೆ ನಿಡಘಟ್ಟ ಅಂತ ಹೇಳಿಕೊಟ್ಟವರು ಯಾರು? ಎಷ್ಟು ತಲೆ ಕೆಡಿಸಿಕೊಂಡರೂ ಹೊಳೆದಿಲ್ಲ.

ಪೊಲೀಸರಿಗೆ ಹೇಳೋಣ ಎಂದು ಅಂಗಲಾಚಿದೆ. ಮರ್ಯಾದೆ ಹೋಗುತ್ತದೆ ಎಂದು ತಂಗಿಯ ಗಂಡ ಮಗಳ ಶಾಲೆಯನ್ನೇ ಬಿಡಿಸಿದ. ಈಗ ಊರಲ್ಲಿದ್ದಾಳೆ. ನಾನು ಹೋದರೆ ನೆಲ ನೋಡುತ್ತಾಳೆ. ಆ ಕರೆಯೂ ಮತ್ತೆ ಬಂದಿಲ್ಲ. ಚೆನ್ನಾಗಿದ್ದಾಳೆ ಅಂತ ಬರುತ್ತಿಲ್ಲವೋ, ನನ್ನನ್ನು ಕರೆಯುವ ಆಸೆಯನ್ನೇ ಬಿಟ್ಟಳೋ, ಗೊತ್ತಾಗದೆ ಒದ್ದಾಡುತ್ತಿದ್ದೇನೆ.