ಟವಲಿನ ಕೆಳಗಿನ ಮಂಡಿನೋವು

ತಮಿಳುನಾಡಿನ ಸೇಲಂ ಹತ್ತಿರದ ಮೇಚೇರಿ ಸಂತೆಯ ಕುರಿ ದಲ್ಲಾಳಿ ಅಣ್ಣಯ್ಯಪ್ಪನವರು ನಾಲ್ಕು ಜನರ ಎದುರು ಬಾಯಿಬಿಟ್ಟು ಒಂದು ಸಂಖ್ಯೆ ಹೇಳಿದ್ದು ಒಂದೇ ಸಲ. ಅದು 1996ರಲ್ಲಿ, ಅವರಿಗೆ ಅರವತ್ತೊಂದು ವರ್ಷವಾಗಿದ್ದಾಗ. ಅದನ್ನು ಯಾಕೆ ಹೇಳಬೇಕಾಯಿತು ಎಂದು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ನಾನು ನೋಡದೆ ಇದ್ದದ್ದನ್ನು ಅವರ ಹೆಂಡತಿ ನಾರಾಯಣಮ್ಮನವರ ಹತ್ತಿರ ಎರಡೆರಡು ಸಲ ಕೇಳಿ ಸರಿಮಾಡಿಕೊಂಡಿದ್ದೇನೆ.

ಕುರಿ ಸಂತೆಯಲ್ಲಿ ಬೆಲೆಯನ್ನು ಯಾರೂ ಕೂಗಿ ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡೂ ಒಂದು ಟವಲಿನ ಕೆಳಗೆ ಸೇರುತ್ತವೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಪೂರ್ತಿ ಕೈ ಹಿಡಿದರೆ ಐದು; ಕುರಿಗಾದರೆ ಅಷ್ಟು ನೂರು ರೂಪಾಯಿ. ಆರಕ್ಕೆ ಪೂರ್ತಿ ಕೈ ಹಿಡಿದು, ಬಿಟ್ಟು, ಮತ್ತೆ ಒಂದು ಬೆರಳು. ಮೊದಲು ಹಿಡಿಯುವ ಸಂಖ್ಯೆ ನಿಜವಾದದ್ದಲ್ಲ. ಅದು ಮಾತು ಶುರುಮಾಡಲಿಕ್ಕೆ ಮಾತ್ರ. ಎದುರಿನವನು ಇಳಿಸಬೇಕು, ಇವನು ಏರಿಸಬೇಕು, ಕೊನೆಗೆ ಎಲ್ಲೋ ನಡುವೆ ಕೈ ನಿಲ್ಲಬೇಕು.

ಅಣ್ಣಯ್ಯಪ್ಪನವರು ಹದಿನಾಲ್ಕನೇ ವಯಸ್ಸಿಗೆ ಈ ಕೆಲಸಕ್ಕೆ ಬಂದವರು. ಟವಲಿನ ಅಭ್ಯಾಸ ಸಂತೆಯಲ್ಲೇ ನಿಲ್ಲಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಎಷ್ಟು ಟಿಕೆಟ್ ಎಂದರೆ ಅವನ ಎರಡು ಬೆರಳು ಹಿಡಿಯುತ್ತಿದ್ದರು. ಜನಗಣತಿಗೆ ಶಾಲೆಯ ಮೇಷ್ಟ್ರು ಬಂದು ಮನೆಯಲ್ಲಿ ಎಷ್ಟು ಜನ ಎಂದಾಗ ಅವರ ಕೈ ಮೇಲೂ ಟವಲು ಹಾಕಿದರು. ಮನೆಯಲ್ಲಿ ಇದ್ದದ್ದು ಐದು ಜನ. ಇವರು ಏಳು ಎಂದು ಒತ್ತಿ, ಮೇಷ್ಟ್ರು ಇಳಿಸಲಿ ಎಂದು ಕಾದರು. ಮೇಷ್ಟ್ರು ಬೆವರು ಒರೆಸಿಕೊಂಡು ನಾರಾಯಣಮ್ಮನವರನ್ನು ಕೇಳಿ ಬರೆದುಕೊಂಡು ಹೋದರು.

ದಲ್ಲಾಳಿಗೆ ಬೆರಳಿನಷ್ಟೇ ಮಂಡಿಯೂ ಮುಖ್ಯ. ಕುರಿಯ ವಯಸ್ಸು ಹಲ್ಲಿನಲ್ಲಿ ಗೊತ್ತಾಗುತ್ತದೆ. ಹಲ್ಲು ನೋಡಬೇಕಾದರೆ ಕುರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ದವಡೆ ಬಿಡಿಸಬೇಕು. ಆ ವರ್ಷ ಬೇಸಿಗೆಯಲ್ಲಿ ಅಣ್ಣಯ್ಯಪ್ಪನವರ ಬಲಮಂಡಿ ಊದಿಕೊಂಡಿತು. ಕೂತರೆ ಏಳಲಿಕ್ಕೆ ಕುರಿಯನ್ನೇ ಹಿಡಿದುಕೊಳ್ಳಬೇಕು. ಕುರಿ ಓಡಿದರೆ ಇವರೂ ಅದರ ಜೊತೆ ನಾಲ್ಕು ಹೆಜ್ಜೆ ಓಡಬೇಕು. ಪಕ್ಕದ ದಲ್ಲಾಳಿ ಗೋವಿಂದನ್ ಇದನ್ನು ನೋಡಿ, "ಏನಣ್ಣಾ, ಕುರಿ ನಿನ್ನ ಮಾರ್ತಾ ಐತಾ, ನೀನು ಕುರಿ ಮಾರ್ತಾ ಇದ್ದೀಯಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ.

ಅದೇ ಸಮಯಕ್ಕೆ ಸಂತೆ ಬಯಲಿನ ಪಕ್ಕದ ಒಂದು ಬಾಡಿಗೆ ಮನೆಯಲ್ಲಿ ಡಾಕ್ಟರ್ ಭುವನಾ ಮಂಡಿನೋವಿನ ಪರೀಕ್ಷೆ ಶುರುಮಾಡಿದ್ದರು. ಹೊಸೂರಿನ ಕಡೆಯವರಾದ್ದರಿಂದ ಅಣ್ಣಯ್ಯಪ್ಪನವರ ಮನೆಮಾತಾದ ಕನ್ನಡ ಅವರಿಗೂ ಚೆನ್ನಾಗಿ ಬರುತ್ತಿತ್ತು. ಅರವತ್ತು ಜನ ಮಂಡಿನೋವಿನವರಿಗೆ ಆರು ವಾರ ಕಾಲಿನ ವ್ಯಾಯಾಮ ಕಲಿಸಿ, ಮಾತ್ರೆ ಕೊಟ್ಟು, ಎಷ್ಟು ಜನಕ್ಕೆ ಗುಣವಾಗುತ್ತದೆ ಎಂದು ಬರೆದಿಡುವುದು ಅವರ ಉದ್ದೇಶ. ಬಂದವರಿಗೆಲ್ಲ ಒಂದು ಪ್ರಶ್ನೆ ಇತ್ತು. ನೋವು ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಷ್ಟಿದ್ದರೆ ಹತ್ತು, ನಿಮ್ಮದು ಎಷ್ಟು? ನರ್ಸ್ ಪೂಂಗೊಡಿ ಅದನ್ನು ಪುಸ್ತಕದಲ್ಲಿ ಬರೆಯುತ್ತಿದ್ದಳು.

ಅಣ್ಣಯ್ಯಪ್ಪನವರ ಸರದಿ ಬಂದಾಗ ಹಿಂದಿನ ಬೆಂಚಿನಲ್ಲಿ ಗೋವಿಂದನ್ ಕೂತಿದ್ದ. ಅವನಿಗೂ ಮಂಡಿನೋವು ಬಂದಿತ್ತು, ಆದರೆ ಇನ್ನೂ ಹೆಸರು ಬರೆಸಿರಲಿಲ್ಲ.

"ಕೈ ಕೊಡಮ್ಮಾ. ಮಗಳಿದ್ದಂಗೆ, ತಪ್ಪು ತಿಳ್ಕೋಬ್ಯಾಡ," ಎಂದು ಅಣ್ಣಯ್ಯಪ್ಪನವರು ಹೆಗಲ ಟವಲನ್ನು ಡಾಕ್ಟರ್ ಕೈ ಮೇಲೆ ಹಾಕಿದರು.

"ನಾಡಿ ನೋಡಬೇಕಾದವಳು ನಾನು," ಎಂದರು ಡಾಕ್ಟರ್. ಅಷ್ಟರಲ್ಲಿ ಅಣ್ಣಯ್ಯಪ್ಪನವರು ಅವರ ಪೂರ್ತಿ ಕೈಯನ್ನು ಒಂದು ಸಲ, ಆಮೇಲೆ ನಾಲ್ಕು ಬೆರಳನ್ನು ಒತ್ತಿದ್ದರು. "ಐದು, ನಾಲ್ಕು... ಒಂಬತ್ತಾ?"

"ಮೆಲ್ಲಗಮ್ಮಾ! ಇಂದ್ಗಡೆ ಗೋವಿಂದನ್ ಕೂತವ್ನೆ!"

ನಿಜವಾದ ನೋವು ಆರು. ಒಂಬತ್ತು ಎಂದದ್ದು, ಡಾಕ್ಟರ್ ಐದು ಎನ್ನಲಿ, ಆಮೇಲೆ ಆರಕ್ಕೆ ನಿಲ್ಲಿಸೋಣ ಎಂದು. ಡಾಕ್ಟರ್ ಇಳಿಸಲೇ ಇಲ್ಲ. ಪೂಂಗೊಡಿಯ ಕಿವಿಯಲ್ಲಿ ಒಂಬತ್ತು ಎಂದು ಹೇಳಿ, ಕಾಲು ನೀಟುವ ವ್ಯಾಯಾಮ ತೋರಿಸಿ ಕಳಿಸಿದರು. ಮನೆಗೆ ಬಂದ ಅಣ್ಣಯ್ಯಪ್ಪನವರಿಗೆ ಊಟ ಸೇರಲಿಲ್ಲ. "ಒಂದು ಮಾತಾದ್ರೂ ಎದುರಾಡ್ಲಿಲ್ಲ ನೋಡೇ. ಅಷ್ಟು ಓದ್ಕೊಂಡು ಚೌಕಾಸಿ ಕಲೀಲಿಲ್ಲ," ಎಂದು ಹೆಂಡತಿಯ ಹತ್ತಿರ ಪೇಚಾಡಿಕೊಂಡರು.

ವ್ಯಾಯಾಮವನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ, ಜಗಲಿಯ ಮೇಲೆ ಕೂತು ಕಾಲು ನೀಟುತ್ತಿದ್ದರು. ಮೂರನೇ ವಾರಕ್ಕೆ ನೋವು ನಾಲ್ಕಕ್ಕೆ ಬಂದಿತ್ತು. ಆದರೆ ದಲ್ಲಾಳಿಯ ತಲೆ ಬೇರೆ ಲೆಕ್ಕ ಹಾಕಿತು. ಒಂಬತ್ತಕ್ಕೆ ಸುಮ್ಮನೆ ಒಪ್ಪಿದರು ಎಂದರೆ ತಾನು ಕೇಳಿದ್ದೇ ಕಡಿಮೆಯಾಯಿತು. ಡಾಕ್ಟರ್ ಮತ್ತೆ ಕೇಳಿದಾಗ ಟವಲಿನ ಕೆಳಗೆ ಪೂರ್ತಿ ಕೈಯನ್ನು ಎರಡು ಸಲ ಒತ್ತಿದರು. ಹತ್ತು. ಡಾಕ್ಟರ್ ಮುಖ ಸಣ್ಣದಾಯಿತು. ಇವರು ಅದನ್ನು ಚೌಕಾಸಿಯ ಮೊದಲ ಹೆಜ್ಜೆ ಎಂದುಕೊಂಡು ಖುಷಿಪಟ್ಟರು.

ಆರನೇ ವಾರವೂ ಹತ್ತೇ. ಆಗ ಡಾಕ್ಟರ್ ಒಂದು ಚೀಟಿ ಬರೆದರು.

"ಅಯ್ಯಾ, ಆರು ವಾರದಲ್ಲಿ ಎರಡಾದರೂ ಇಳಿಯದೆ ಇದ್ದವರನ್ನು ನಾವು ಸೇಲಂನ ದೊಡ್ಡಾಸ್ಪತ್ರೆಗೆ ಕಳಿಸುತ್ತೇವೆ. ನಿಮ್ಮದು ಏರಿದೆ. ಶುಕ್ರವಾರ ಹೋಗಿ. ಮಂಡಿಗೆ ಆಪರೇಷನ್ ಬೇಕಾಗಬಹುದು."

"ಆಪರೇಷನ್ ಆದ್ಮೇಲೆ ಕುಕ್ಕರಗಾಲಲ್ಲಿ ಕೂರಬೋದಾ?"

"ಅದು ಕಷ್ಟ. ಕುರ್ಚಿಯಲ್ಲಿ ಕೂರಬೇಕು."

ಕುರ್ಚಿಯಲ್ಲಿ ಕೂತು ಕುರಿಯ ಹಲ್ಲು ನೋಡಿದವರು ಮೇಚೇರಿಯಲ್ಲಿ ಯಾರೂ ಇಲ್ಲ. ಅಣ್ಣಯ್ಯಪ್ಪನವರು ಗಾಬರಿಯಿಂದ ಟವಲು ಹಾಕಿ ಎಂಟು ಒತ್ತಿದರು. ಡಾಕ್ಟರ್ ಕೈ ಎಳೆದುಕೊಂಡರು. ಏಳು ಒತ್ತಲು ಅವರಿಗೆ ಕೈ ಸಿಗಲಿಲ್ಲ.

ಮನೆಯಲ್ಲಿ ಚೀಟಿ ಯಾತರದ್ದು ಎಂದು ನಾರಾಯಣಮ್ಮ ಕೇಳಿದರು. ಇವರು ಎಲ್ಲ ಹೇಳಿದರು.

"ಈಗ ನಿಜವಾಗ್ಲೂ ಎಷ್ಟೈತೆ ನೋವು?"

ಅಣ್ಣಯ್ಯಪ್ಪನವರ ಕೈ ಟವಲಿಗೆ ಹೋಯಿತು. ನಾರಾಯಣಮ್ಮ ಅದನ್ನು ಕಿತ್ತು ಕೊಟ್ಟಿಗೆಯ ಕಡೆಗೆ ಎಸೆದರು. "ಮೂವತ್ತೆಂಟು ವರ್ಷ ಬೆರಳು ಒತ್ತಿಸ್ಕೊಂಡಿವ್ನಿ. ಬಾಯಲ್ಲಿ ಯೋಳು!"

"...ಸ್ವಲ್ಪ ಐತೆ," ಎಂದರು ಅಣ್ಣಯ್ಯಪ್ಪನವರು. ಸಂಖ್ಯೆ ಮಾತ್ರ ಬಾಯಿಗೆ ಬರಲಿಲ್ಲ.

ಮರುದಿನ ನಾರಾಯಣಮ್ಮನವರೇ ಡಾಕ್ಟರ್ ಹತ್ತಿರ ಹೋಗಿ, ಚೀಟಿಯನ್ನು ವಾಪಸು ಕೊಟ್ಟು, ದಲ್ಲಾಳಿಗಳ ಪದ್ಧತಿಯನ್ನು ವಿವರಿಸಿದರು. ಡಾಕ್ಟರ್ ಮೊದಲು ನಕ್ಕರು, ಆಮೇಲೆ ಪುಸ್ತಕ ತೆರೆದು ನೋಡಿದರು.

"ಅಮ್ಮಾ, ಆಪರೇಷನ್ ಅಂದ ತಕ್ಷಣ ಎಂಟಕ್ಕೆ ಇಳಿದರು. ಹೆದರಿ ಇಳಿದರೋ, ಗುಣವಾಗಿ ಇಳಿದರೋ ನನಗೆ ಹೇಗೆ ಗೊತ್ತಾಗಬೇಕು? ನಿಜವಾಗಿಯೂ ಹತ್ತು ಇದ್ದು ನಾನು ಬಿಟ್ಟುಬಿಟ್ಟರೆ ಆ ಮಂಡಿ ಹಾಳಾಗುತ್ತದೆ."

"ನಮ್ಮೋರ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ನಾಳೆ ಸಂತೆ ಐತೆ. ಬಂದು ಮಂಡೀನೇ ನೋಡು ತಾಯಿ."

ಡಾಕ್ಟರ್ ಬಂದರು. ಹುಣಸೆಮರದ ಮರೆಯಲ್ಲಿ ನಾರಾಯಣಮ್ಮ ಮತ್ತು ಪೂಂಗೊಡಿಯ ಜೊತೆ ನಿಂತು ಒಂದು ಗಂಟೆ ನೋಡಿದರು. ಅಣ್ಣಯ್ಯಪ್ಪನವರು ಕುರಿಯ ಮುಂದೆ ಕೂತರು, ದವಡೆ ಬಿಡಿಸಿದರು, ಎದ್ದರು, ಮುಂದಿನ ಕುರಿಗೆ ಹೋದರು. ಏಳುವಾಗ ಕುರಿಯನ್ನು ಹಿಡಿಯಲಿಲ್ಲ. ಎರಡು ಸಲ ಮಾತ್ರ ತೊಡೆಗೆ ಕೈ ಊರಿದರು. ಡಾಕ್ಟರ್ ಎಣಿಸಿದ್ದು ಇಪ್ಪತ್ತಮೂರು ಸಲ. ನಾರಾಯಣಮ್ಮ ಇಪ್ಪತ್ತನಾಲ್ಕು ಎನ್ನುತ್ತಾರೆ. ಒಂದು ಕುರಿ ಬಾಯಿ ಬಿಡದೆ ಇದ್ದದ್ದರಿಂದ ಅದರ ಮುಂದೆ ಎರಡು ಸಲ ಕೂತಿದ್ದರಂತೆ.

ಅಣ್ಣಯ್ಯಪ್ಪನವರು ನಂಜಪ್ಪ ಎಂಬ ರೈತನ ಟಗರಿನ ಹಲ್ಲು ನೋಡಿ ಎದ್ದಾಗ ಎದುರಿಗೆ ಡಾಕ್ಟರ್ ನಿಂತಿದ್ದರು. ಅವರು ಅಣ್ಣಯ್ಯಪ್ಪನವರ ಹೆಗಲಿನಿಂದ ಟವಲು ತೆಗೆದು, ತಮ್ಮ ಕೈ ಮೇಲೆ ಹಾಕಿಕೊಂಡು, ಕೈ ಚಾಚಿದರು.

"ಲೇ, ಡಾಕ್ಟರಮ್ಮ ಟಗರು ತಗೊಂತಾವ್ರೆ ಬನ್ರೋ!" ಎಂದು ಗೋವಿಂದನ್ ಕೂಗಿದ. ಜನ ಸುತ್ತ ಸೇರಿದರು.

ಡಾಕ್ಟರ್ ಒಂದು ಬೆರಳು ಹಿಡಿದರು. ಅಣ್ಣಯ್ಯಪ್ಪನವರ ಕಣ್ಣು ಅರಳಿದವು. ಆರು ವಾರದ ಮೇಲೆ ಕೊನೆಗೂ ಚೌಕಾಸಿ! ಅವರು ಎಂಟು ಒತ್ತಿದರು. ಡಾಕ್ಟರ್ ತಲೆಯಾಡಿಸಿ ಮತ್ತೆ ಒಂದೇ ಹಿಡಿದರು. ಐದು. ಎರಡು. ನಾಲ್ಕು. ಮತ್ತೆ ಎರಡು. ಅಣ್ಣಯ್ಯಪ್ಪನವರು ಆಕಾಶ ನೋಡಿದರು, ಮಂಡಿಯನ್ನು ಒಂದು ಸಲ ಮಡಿಸಿ ನೀಟಿದರು, ಮೂರು ಬೆರಳು ಹಿಡಿದು ಬಿಡದೆ ನಿಂತರು.

"ಕಡೇ ಮಾತಾ?" ಎಂದರು ಡಾಕ್ಟರ್.

"ಕಡೇ ಮಾತು ತಾಯಿ. ಸಾಯಂಕಾಲ ಅಷ್ಟೈತೆ, ಬೆಳಿಗ್ಗೆ ಅಷ್ಟೂ ಇಲ್ಲ."

"ಹಾಗಾದರೆ ಬಾಯಿಬಿಟ್ಟು ಹೇಳಿ. ಬೆರಳನ್ನು ನಂಬಿ ನಾನು ಈ ಚೀಟಿ ಹರಿಯುವುದಿಲ್ಲ."

ಅಣ್ಣಯ್ಯಪ್ಪನವರು ಸುತ್ತ ನೋಡಿದರು. ನಲವತ್ತೇಳು ವರ್ಷ ಅದೇ ಬಯಲಿನಲ್ಲಿ ಅವರ ಬಾಯಿಂದ ಒಂದು ಸಂಖ್ಯೆಯನ್ನೂ ಕೇಳದಿದ್ದ ಜನ ಅವರು. ಗೋವಿಂದನ್ ಕತ್ತು ಮುಂದೆ ಮಾಡಿದ. ಡಾಕ್ಟರ್ ಕೈಯಲ್ಲಿ ಸೇಲಂ ಚೀಟಿ ಗಾಳಿಗೆ ಅಲ್ಲಾಡುತ್ತಿತ್ತು.

"ಮೂರು," ಎಂದರು ಅಣ್ಣಯ್ಯಪ್ಪನವರು.

"ಮೂರಾ?" ಎಂದು ಕಿರುಚಿದವನು ನಂಜಪ್ಪ. "ನನ್ನ ಟಗರಿಗೆ ಬರೀ ಮುನ್ನೂರಾ? ಕೊಂಬಿಗೂ ಆಗೊಲ್ಲ!" ಎಂದು ಟಗರನ್ನು ಎಳೆದುಕೊಂಡು ಹೊರಟೇ ಹೋದ. ಅವನನ್ನು ಕರೆದು ಸಮಾಧಾನ ಮಾಡಲು ನಾರಾಯಣಮ್ಮ ಸಂತೆಯ ಆ ಕೊನೆಯವರೆಗೆ ಓಡಬೇಕಾಯಿತು.

ಡಾಕ್ಟರ್ ಚೀಟಿಯನ್ನು ನಾಲ್ಕು ಚೂರು ಮಾಡಿದರು. ಆಮೇಲೆ ಮೊದಲ ದಿನದ ನಿಜವಾದ ಸಂಖ್ಯೆ ಯಾವುದು ಎಂದು ಕೇಳಿದರು. ಈ ಸಲ ಅಣ್ಣಯ್ಯಪ್ಪನವರು ಟವಲಿನ ಕೆಳಗೇ ಆರು ಒತ್ತಿದರು. ಒಂದು ದಿನಕ್ಕೆ ಒಂದು ಸಂಖ್ಯೆ ಸಾಕು ಎಂದುಕೊಂಡಿರಬೇಕು.

ಆದರೆ ಪುಸ್ತಕದಲ್ಲಿ ಒಂಬತ್ತು, ಹತ್ತು, ಹತ್ತು ಎಂದು ಬರೆದದ್ದನ್ನು ತಿದ್ದುವ ಹಾಗಿರಲಿಲ್ಲ. ನಂಬುವ ಹಾಗೂ ಇರಲಿಲ್ಲ. ಡಾಕ್ಟರ್ ಅವರ ಸಾಲನ್ನು ಲೆಕ್ಕದಿಂದ ಬಿಟ್ಟು, ಯಾಕೆ ಬಿಟ್ಟದ್ದು ಎಂದು ಕೆಳಗೆ ಬರೆದರು. ಅರವತ್ತು ಜನರ ಪರೀಕ್ಷೆ ಐವತ್ತೊಂಬತ್ತು ಜನರದ್ದಾಯಿತು. ಇದನ್ನು ಕೇಳಿ ಅಣ್ಣಯ್ಯಪ್ಪನವರಿಗೆ ನಿಜವಾಗಿಯೂ ಬೇಜಾರಾಯಿತು.

"ಅಷ್ಟು ಜನದಲ್ಲಿ ದಿನಾ ತಪ್ಪದೆ ಕಾಲು ನೀಟಿದೋನು ನಾನೇ. ನನ್ನೇ ಬಿಟ್ಬುಟ್ರಲ್ಲ ತಾಯಿ!"

"ಗುಣವಾದದ್ದು ನಿಮ್ಮ ಮಂಡಿಯಲ್ಲಿ ಇದೆಯಲ್ಲ. ಪುಸ್ತಕದಲ್ಲಿ ಇಲ್ಲದಿದ್ದರೆ ಏನಾಯಿತು?" ಎಂದರು ಡಾಕ್ಟರ್.

ಅಲ್ಲಿಂದ ಮುಂದೆ ಡಾಕ್ಟರ್ ಯಾರನ್ನೇ ಆಗಲಿ, ನೋವು ಎಷ್ಟು ಎಂದು ಕೇಳುವ ಮೊದಲು ಏನು ಕೆಲಸ ಎಂದು ಕೇಳುತ್ತಿದ್ದರು. ಹತ್ತು ಸಲ ಕೂರಿಸಿ ಎಬ್ಬಿಸಿ ನೋಡುತ್ತಿದ್ದರು. ಆ ವಾರ ಗೋವಿಂದನ್ ಮೊದಲ ಸಲ ಮಂಡಿ ತೋರಿಸಲು ಬಂದಾಗ ಅವನೂ ಟವಲು ಹಾಕಿ ಒಂಬತ್ತು ಒತ್ತಿದ. ಡಾಕ್ಟರ್ ಕಣ್ಣೆತ್ತದೆ ನಾಲ್ಕು ಬೆರಳು ಹಿಡಿದರು. ಹಿಂದಿನ ಬೆಂಚಿನಲ್ಲಿ ಮಾತ್ರೆಗೆ ಕಾದಿದ್ದ ಅಣ್ಣಯ್ಯಪ್ಪನವರು ಜೋರಾಗಿ ಹೇಳಿದರು: "ಐದಕ್ಕೆ ಬಿಡಬ್ಯಾಡ ತಾಯಿ ಅವ್ನನ್ನ, ಇನ್ನೂ ಇಳ್ಸು!"

ಹಾಗೆ ನೋಡಿದರೆ, ಅವರು ಬಾಯಿಬಿಟ್ಟು ಹೇಳಿದ ಸಂಖ್ಯೆ ಒಂದಲ್ಲ, ಎರಡು. ಆದರೆ ಎರಡನೆಯದು ಅವರದ್ದಲ್ಲ, ಗೋವಿಂದನ್‌ನದು.